ಐಎನ್‌ಆರ್ 4.8, ಚಾರ್ಟಿನಲ್ಲಿ ವಾರ್ಫರಿನ್: ಕೊಡಬೇಕೇ, ತಡೆಯಬೇಕೇ?

ಸಂಜೆಪಾಳಿ
ಮೆಡಿಕಲ್ ವಾರ್ಡಿನ ಅನುಭವ ಇರುವವರು ಹೇಳಿ. ಏಟ್ರಿಯಲ್ ಫಿಬ್ರಿಲೇಷನ್‌ಗಾಗಿ (ಹೃದಯದ ಬಡಿತ ಲಯ ತಪ್ಪುವ ತೊಂದರೆ) ವರ್ಷಗಳಿಂದ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಿರುವ ಹಿರಿಯರೊಬ್ಬರು ಶ್ವಾಸಕೋಶದ ಸೋಂಕಿನಿಂದ ದಾಖಲಾಗಿದ್ದಾರೆ. ಬಂದ ದಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಸಂಖ್ಯೆ, ಹೆಚ್ಚಿದಷ್ಟೂ ರಕ್ತಸ್ರಾವದ ಅಪಾಯ) 2.4 ಇತ್ತು. ಇಂದು ಬೆಳಗಿನ ವರದಿಯಲ್ಲಿ 4.8. ಬೆಳಗಿನ ಪಾಳಿಯವರು ವರದಿಯನ್ನು ಕೇಸ್ ಶೀಟಿಗೆ ಅಂಟಿಸಿ ಸುಮ್ಮನಾಗಿದ್ದಾರೆ, ವೈದ್ಯರಿಗೆ ಯಾರೂ ಹೇಳಿಲ್ಲ. ಸಂಜೆ ಆರಕ್ಕೆ 5 ಮಿ.ಗ್ರಾಂ ಎಂದು ಚಾರ್ಟಿನಲ್ಲಿ ಹಾಗೆಯೇ ಇದೆ. ನಾನು ಕೊಡಲಿಲ್ಲ. ಡ್ಯೂಟಿ ಡಾಕ್ಟರಿಗೆ ಕರೆ ಮಾಡಿದೆ. ಅವರು ಬೇರೊಂದು ತುರ್ತಿನಲ್ಲಿದ್ದುದರಿಂದ ಮಾತಿಗೆ ಸಿಕ್ಕಿದ್ದು ತಡವಾಗಿ. "ಇವತ್ತಿನ ಡೋಸ್ ಬೇಡ, ನಾಳೆ ಮತ್ತೆ ಐಎನ್‌ಆರ್ ಕಳುಹಿಸಿ" ಎಂದರು.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಹಿರಿಯ ಸಿಸ್ಟರ್ ಒಬ್ಬರು "ಬರೆದದ್ದನ್ನು ಕೊಡುವುದು ನಮ್ಮ ಕೆಲಸ, ತಡೆಯುವ ಅಧಿಕಾರ ನಿನಗೆ ಯಾರು ಕೊಟ್ಟರು?" ಎಂದು ಎಲ್ಲರೆದುರು ಕೇಳಿದರು. ರೋಗಿಗೆ ಎಲ್ಲಿಯೂ ರಕ್ತಸ್ರಾವ ಇರಲಿಲ್ಲ, ಹಾಗಾಗಿ ಕೊಡಬಹುದಿತ್ತು ಎನ್ನುವುದು ಅವರ ವಾದ. ನಿಮ್ಮ ಕಡೆ ಏನು ಮಾಡುತ್ತೀರಿ?

ಹಳೇಬೇರು
ಸರಿಯಾಗಿಯೇ ಮಾಡಿದ್ದೀರಿ. ಗುರಿ 2ರಿಂದ 3 ಇರುವ ರೋಗಿಗೆ 4.8 ಬಂದ ಮೇಲೆ ಕೇಳದೆ ಮಾತ್ರೆ ಕೊಡುವುದು ವಿಧೇಯತೆಯಲ್ಲ, ಬೇಜವಾಬ್ದಾರಿ. ರಕ್ತಸ್ರಾವ ಶುರುವಾಗುವವರೆಗೆ ಕಾಯುವುದಾದರೆ ಐಎನ್‌ಆರ್ ನೋಡುವುದಾದರೂ ಏಕೆ?

ನೇರಮಾತು
ಎಲ್ಲರೂ ಭೇಷ್ ಎನ್ನುವ ಮೊದಲು ಒಂದು ಮಾತು. ಡೋಸ್ ನಿರ್ಧರಿಸುವುದು ನರ್ಸ್ ಕೆಲಸವಲ್ಲ. ಇವತ್ತು ವಾರ್ಫರಿನ್ ತಡೆದವರು ನಾಳೆ ಇನ್ಸುಲಿನ್ ತಡೆಯುತ್ತಾರೆ, ನಾಡಿದ್ದು ಬಿ.ಪಿ. ಮಾತ್ರೆ. ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಕೊಡುವವರು ಯಾರು?

ಹಳೇಬೇರು
@ನೇರಮಾತು, ಅವರು ಡೋಸ್ ನಿರ್ಧರಿಸಲಿಲ್ಲ. ಸಂಶಯ ಬಂದಾಗ ಮಾತ್ರೆಯನ್ನು ಕೈಯಲ್ಲೇ ಇಟ್ಟುಕೊಂಡು ನಿರ್ಧರಿಸಬೇಕಾದವರನ್ನು ಕೇಳಿದರು. ವಾರ್ಫರಿನ್ ಒಂದು ಗಂಟೆ ತಡವಾದರೆ ಏನೂ ಆಗುವುದಿಲ್ಲ. ತಪ್ಪಾಗಿ ಕೊಟ್ಟ ಮಾತ್ರೆಯನ್ನು ಮಾತ್ರ ಹೊಟ್ಟೆಯಿಂದ ಮರಳಿ ತೆಗೆಯಲು ಬರುವುದಿಲ್ಲ.

ಮಾತ್ರೆಪೆಟ್ಟಿಗೆ
ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿರುವವನು. ಅಧಿಕಾರದ ಜಗಳ ನಿಮ್ಮೊಳಗೇ ಇರಲಿ. ನನಗೆ ಬೇಕಾದ ಉತ್ತರ ಒಂದೇ: 2.4 ಏಕೆ 4.8 ಆಯಿತು? ವರ್ಷಗಳಿಂದ ಸ್ಥಿರವಾಗಿದ್ದ ಐಎನ್‌ಆರ್ ಕಾರಣವಿಲ್ಲದೆ ಮೇಲೇರುವುದಿಲ್ಲ. ಯಾವ ಆಂಟಿಬಯಾಟಿಕ್ ಶುರುವಾಗಿದೆ?

ಸಂಜೆಪಾಳಿ
ಸೆಫ್ಟ್ರಿಯಾಕ್ಸೋನ್, ಜೊತೆಗೆ ಮೆಟ್ರೋನಿಡಜೋಲ್. ದಾಖಲಾದ ರಾತ್ರಿಯಿಂದಲೇ. ಊಟ ಅರ್ಧಕ್ಕರ್ಧ ಬಿಟ್ಟಿದ್ದಾರೆ, ಜ್ವರವೂ ಇತ್ತು.

ಮಾತ್ರೆಪೆಟ್ಟಿಗೆ
ಸಿಕ್ಕಿತು ನೋಡಿ. ವಾರ್ಫರಿನ್‌ನ ಹೆಚ್ಚು ಶಕ್ತಿಯುತ ಭಾಗವನ್ನು ಯಕೃತ್ತಿನಲ್ಲಿ ಒಡೆಯುವ ಕಿಣ್ವವನ್ನು ಮೆಟ್ರೋನಿಡಜೋಲ್ ಅಡ್ಡಗಟ್ಟುತ್ತದೆ. ಅದೇ 5 ಮಿ.ಗ್ರಾಂ ಈಗ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಊಟ ಕಡಿಮೆಯಾದ್ದರಿಂದ ವಿಟಮಿನ್ ಕೆ ಒಳಹೋಗುವುದೂ ಕಡಿಮೆ. ಜ್ವರದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ಬೇಗ ಸವೆಯುತ್ತವೆ. ಮೂರೂ ಒಂದೇ ದಿಕ್ಕಿಗೆ ಎಳೆಯುತ್ತಿವೆ.

ಇದೇ ಸಾಲಿನಲ್ಲಿ ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್, ಅಮಿಯೊಡರೋನ್ ನೆನಪಿಡಿ. ಎದುರು ದಿಕ್ಕಿಗೆ ಎಳೆಯುವವು ರಿಫಾಂಪಿಸಿನ್, ಕಾರ್ಬಮಜೆಪೀನ್. ಇವುಗಳಿಂದ ಐಎನ್‌ಆರ್ ಇಳಿಯುತ್ತದೆ, ಹೆಪ್ಪುಗಟ್ಟುವ ಅಪಾಯ ಏರುತ್ತದೆ. ವಾರ್ಫರಿನ್ ಇರುವ ಚಾರ್ಟಿನಲ್ಲಿ ಹೊಸ ಔಷಧ ಯಾವುದೇ ಬರಲಿ, ಐಎನ್‌ಆರ್ ಮುಂದೆ ಯಾವಾಗ ಎಂದು ಕೇಳಿ. ಆ ಪ್ರಶ್ನೆ ದಾಖಲಾದ ರಾತ್ರಿಯೇ ಬರಬೇಕಿತ್ತು.

ಐಸಿಯು_ಗೂಬೆ
ಅದಕ್ಕೂ ಮೊದಲು ಒಂದು ತಗಾದೆ. 4.8 ನಿಜವಾದ 4.8 ಹೌದೇ? ನೀಲಿ ಮುಚ್ಚಳದ ಟ್ಯೂಬ್ ಗೆರೆಯವರೆಗೆ ತುಂಬಿತ್ತೇ? ಅದರಲ್ಲಿ ಒಂದು ಪಾಲು (ರಕ್ತ ಹೆಪ್ಪುಗಟ್ಟದಂತೆ ಇಡುವ) ಸಿಟ್ರೇಟ್‌ಗೆ ಒಂಬತ್ತು ಪಾಲು ರಕ್ತ ಇರಬೇಕು. ಅರ್ಧ ತುಂಬಿಸಿ ಕಳುಹಿಸಿದರೆ ಸಿಟ್ರೇಟ್ ಹೆಚ್ಚಾಗಿ ಸುಳ್ಳು ಏರಿಕೆ ಕಾಣುತ್ತದೆ. ಹೆಪಾರಿನ್ (ಹೆಪ್ಪು ತಡೆಯುವ ಇನ್ನೊಂದು ಔಷಧ) ಹಾಕಿ ತೊಳೆದ ಲೈನಿನಿಂದ ತೆಗೆದ ರಕ್ತವಾದರಂತೂ ಕೇಳುವುದೇ ಬೇಡ.

ಸಂಜೆಪಾಳಿ
ಟ್ಯೂಬ್ ನಾನೇ ನೋಡಿಲ್ಲ, ಬೆಳಗಿನವರು ತೆಗೆದದ್ದು. ನಾಳೆ ನೇರ ರಕ್ತನಾಳದಿಂದ ನಾನೇ ತೆಗೆಯುತ್ತೇನೆ.

ಎರಡನೇ ವರ್ಷ
ನಾನು ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ. ಪ್ರಶ್ನೆ ಸಣ್ಣದು, ನಗಬೇಡಿ. ವಾರ್ಫರಿನ್ ಯಾವಾಗಲೂ ಸಂಜೆಯೇ ಏಕೆ?

ಹಳೇಬೇರು
ಇದರಲ್ಲಿ ನಗುವಂಥದ್ದೇನಿದೆ ಮಗಳೇ? ಬೆಳಗ್ಗೆ ರಕ್ತ ತೆಗೆದರೆ ಮಧ್ಯಾಹ್ನದೊಳಗೆ ವರದಿ ಬರುತ್ತದೆ, ಅದನ್ನು ನೋಡಿ ಅದೇ ದಿನದ ಡೋಸ್ ಬದಲಿಸಬಹುದು. ಈ ವ್ಯವಸ್ಥೆ ಇರುವುದೇ ವರದಿ ನೋಡಿ ಕೊಡಲಿ ಎಂದು. ವರದಿಯನ್ನು ಅಂಟಿಸಿ ಹೋಗಿ, ಸಂಜೆ ಕಣ್ಣು ಮುಚ್ಚಿ ಕೊಡುವುದಾದರೆ ಬೆಳಗ್ಗೆಯೇ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತಲ್ಲ!

ಮಾತ್ರೆಪೆಟ್ಟಿಗೆ
ಒಂದು ಸೇರಿಕೆ. ಇಂದು ತಡೆದ ಡೋಸಿನ ಪೂರ್ಣ ಪರಿಣಾಮ ನಾಳೆ ಬೆಳಗಿನ ವರದಿಯಲ್ಲಿ ಕಾಣುವುದಿಲ್ಲ. ವಾರ್ಫರಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು 40 ಗಂಟೆ ಬೇಕು. ನಾಳೆ 4.6 ಬಂದರೆ ಗಾಬರಿಯಾಗಬೇಡಿ, 5.1 ಬಂದರೂ ಆಶ್ಚರ್ಯಪಡಬೇಡಿ. ಮೆಟ್ರೋನಿಡಜೋಲ್ ಇನ್ನೂ ನಡೆಯುತ್ತಿದೆಯಲ್ಲ.

ಅಪ್ಪನ ಮಗಳು
ನಾನು ನರ್ಸ್ ಅಲ್ಲ. ಅಪ್ಪನ ಹೃದಯಕ್ಕೆ ಕೃತಕ ಕವಾಟ ಹಾಕಿದ್ದಾರೆ, ವಾರ್ಫರಿನ್ ಜೀವನಪೂರ್ತಿ ಎಂದಿದ್ದಾರೆ. ಬಿಡುಗಡೆಯ ದಿನ ಯಾರೋ "ಸೊಪ್ಪು ಮುಟ್ಟಬಾರದು" ಎಂದು ಹೇಳಿ ಕಳುಹಿಸಿದರು. ಅಂದಿನಿಂದ ಮನೆಯಲ್ಲಿ ಸೊಪ್ಪೇ ಇಲ್ಲ, ಅಪ್ಪನಿಗೆ ಊಟವೇ ಸೇರುತ್ತಿಲ್ಲ. ಇಲ್ಲಿ ನೋಡಿದರೆ ಊಟ ಕಡಿಮೆಯಾದರೂ ಐಎನ್‌ಆರ್ ಏರುತ್ತದೆ ಎನ್ನುತ್ತಿದ್ದೀರಿ. ಯಾವುದು ಸರಿ?

ಮನೆಮನೆ ದಾದಿ
ಅಯ್ಯೋ, ಈ "ಮುಟ್ಟಬಾರದು" ಎನ್ನುವ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ! ಅಮ್ಮಾ, ಸೊಪ್ಪು ಬಿಡಬೇಕಾಗಿಲ್ಲ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚಿರುತ್ತದೆ, ಅದು ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತದೆ, ಅಷ್ಟು ನಿಜ. ಆದರೆ ಡೋಸ್ ನಿಗದಿಯಾಗುವುದು ಅವರು ತಿನ್ನುವ ಊಟಕ್ಕೆ ತಕ್ಕಂತೆ. ವಾರವೆಲ್ಲ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು. ಒಂದು ವಾರ ಪೂರ್ತಿ ಬಿಟ್ಟು ಮರುವಾರ ದಿನವೂ ತಟ್ಟೆ ತುಂಬ ತಿಂದರೆ ಆಗ ಐಎನ್‌ಆರ್ ಹತ್ತಿ ಇಳಿಯುತ್ತದೆ. ಈಗ ಮತ್ತೆ ಶುರು ಮಾಡುವುದಾದರೆ ಕ್ಲಿನಿಕ್‌ಗೆ ಹೇಳಿ ಶುರು ಮಾಡಿ, ಒಂದು ಐಎನ್‌ಆರ್ ಹೆಚ್ಚಾಗಿ ನೋಡುತ್ತಾರೆ.

ನೇರಮಾತು
ಈಗ ನನ್ನ ಮಾತಿಗೆ ಬರುತ್ತೇನೆ. ಕೃತಕ ಕವಾಟ ಎಂದಾಗ ನೆನಪಾಯಿತು. ಮಾತ್ರೆ ತಡೆಯುವುದನ್ನು ನಾನೇಕೆ ಅಷ್ಟು ಅನುಮಾನದಿಂದ ನೋಡುತ್ತೇನೆ ಗೊತ್ತೇ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಲೋಹದ ಮೈಟ್ರಲ್ ಕವಾಟ ಇದ್ದ ಮಹಿಳೆಗೆ ಸಣ್ಣ ಶಸ್ತ್ರಚಿಕಿತ್ಸೆಗಾಗಿ ವಾರ್ಫರಿನ್ ತಡೆದರು. ತಡೆಯಬೇಕು ಎಂದು ಬರೆದವರಿದ್ದರು, ಮತ್ತೆ ಶುರು ಮಾಡಬೇಕು ಎಂದು ಬರೆದವರು ಯಾರೂ ಇರಲಿಲ್ಲ. ಪಾಳಿಯಿಂದ ಪಾಳಿಗೆ "ವಾರ್ಫರಿನ್ ತಡೆದಿದೆ" ಎಂದು ಹೇಳಿಕೊಂಡೇ ಬಂದರು. ಆಕೆ ಉಸಿರು ಕಟ್ಟಿ ಮರಳಿ ಬಂದಾಗ ಕವಾಟದ ಮೇಲೆ ಹೆಪ್ಪು ಕುಳಿತಿತ್ತು.

ರಕ್ತಸ್ರಾವ ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಮಗೆ ಅದರ ಭಯ. ಹೆಪ್ಪು ಕಾಣುವುದಿಲ್ಲ. ಕೊಟ್ಟು ಏನಾದರೂ ಆದರೆ ನಮ್ಮ ಮೇಲೆ ಬರುತ್ತದೆ, ಕೊಡದೆ ಆದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ತಡೆಯುವುದೇ ಕ್ಷೇಮ ಎನ್ನುವ ಭಾವನೆ ಹುಟ್ಟುತ್ತದೆ. ಆ ಭಾವನೆಯ ಮೇಲೆ ನನಗೆ ಸಿಟ್ಟು.

ಹಳೇಬೇರು
ಇದನ್ನು ಮೊದಲೇ ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಪ್ಪಿದೆ. ತಡೆದ ಪ್ರತಿ ಡೋಸಿನ ಎದುರು ಮೂರು ವಿಷಯ ಬರೆದಿರಬೇಕು: ಏಕೆ ತಡೆದಿದೆ, ಯಾರ ಸೂಚನೆ, ಮುಂದಿನ ನಿರ್ಧಾರ ಯಾವಾಗ. ಚಾರ್ಟಿನಲ್ಲಿ ಬರೀ ಒಂದು ಸುತ್ತು ಹಾಕಿ ಬಿಟ್ಟರೆ ರಾತ್ರಿಪಾಳಿಯವರಿಗೆ ಏನು ತಿಳಿಯಬೇಕು?

ಸಂಜೆಪಾಳಿ
ನಾನು ಬರೆದಿದ್ದೇನೆ. ಐಎನ್‌ಆರ್ ಸಂಖ್ಯೆ, ಕರೆ ಮಾಡಿದ ಸಮಯ, ವೈದ್ಯರ ಮಾತು. ಫೋನಿನಲ್ಲಿ ಅವರು ಹೇಳಿದ್ದನ್ನು ಮರಳಿ ಓದಿ ಹೇಳಿದೆ. ಮುಂದಿನ ನಿರ್ಧಾರ ನಾಳೆ ಮಧ್ಯಾಹ್ನ ಎಂದೂ ಬರೆದಿದೆ.

ನೇರಮಾತು
ಹಾಗಿದ್ದರೆ ನಿಮ್ಮ ಮೇಲೆ ನನಗೆ ತಕರಾರಿಲ್ಲ. ಬೆಳಗಿನ ಪಾಳಿಯವರ ಮೇಲಿದೆ.

ಸೂಜಿದಾರ
ವಾರ್ಫರಿನ್ ಮಾತನಾಡಿದ್ದು ಸಾಕು, ಸರ್ಜಿಕಲ್ ವಾರ್ಡಿನ ಗೋಳು ಕೇಳಿ. ನಮ್ಮಲ್ಲಿ ಎಲ್ಲರಿಗೂ ಎನಾಕ್ಸಪಾರಿನ್, ಹೆಪ್ಪು ತಡೆಯಲು ಹೊಟ್ಟೆಯ ಚರ್ಮದಡಿ ಚುಚ್ಚುವ ಇಂಜೆಕ್ಷನ್. ಹೊಟ್ಟೆಯ ಮೇಲೆ ನೀಲಿ ಕಲೆಗಳನ್ನು ಕಂಡು ಮನೆಯವರು "ನಮ್ಮ ತಾಯಿಯನ್ನು ಏನು ಮಾಡಿದ್ದೀರಿ?" ಎಂದು ಕೇಳುತ್ತಾರೆ. ಸಣ್ಣ ಕಲೆ ಸಹಜ ಎಂದು ವಿವರಿಸಿ ಸಾಕಾಗಿದೆ. ಆದರೆ ಕೆಲವು ಕಲೆಗಳು ಅಂಗೈಯಷ್ಟು ಅಗಲ. ಅವು ನಮ್ಮವರ ಕೈಚಳಕ ಎಂದು ನನಗೆ ಗುಮಾನಿ.

ಹಳೇಬೇರು
ಗುಮಾನಿ ಅಲ್ಲ, ನಿಜ. ಚುಚ್ಚಿದ ಮೇಲೆ ಹತ್ತಿಯಿಂದ ಉಜ್ಜುವ ಅಭ್ಯಾಸ ಇನ್ನೂ ಹೋಗಿಲ್ಲ. ಉಜ್ಜಬಾರದು, ಮೃದುವಾಗಿ ಒತ್ತಿ ಹಿಡಿಯಬೇಕು ಅಷ್ಟೇ. ರೋಗಿ ಮಲಗಿರಲಿ, ಹೊಕ್ಕುಳಿನಿಂದ ಕನಿಷ್ಠ 5 ಸೆಂ.ಮೀ. ದೂರ, ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಿ, ನಿಧಾನವಾಗಿ ಔಷಧ ತಳ್ಳಿ, ಸೂಜಿ ಹೊರಬರುವವರೆಗೆ ಮಡಿಕೆ ಬಿಡಬೇಡಿ. ರಕ್ತ ಬರುತ್ತದೆಯೇ ಎಂದು ಹಿಂದಕ್ಕೆ ಎಳೆದು ನೋಡುವುದೂ ಬೇಡ. ಇಂದು ಎಡಕ್ಕೆ ಕೊಟ್ಟರೆ ನಾಳೆ ಬಲಕ್ಕೆ. ಎಲ್ಲಿ ಕೊಟ್ಟಿರಿ ಎಂದು ಬರೆಯದಿದ್ದರೆ ಎಲ್ಲರೂ ಬಲಗೈಗೆ ಅನುಕೂಲವಾದ ಒಂದೇ ಜಾಗಕ್ಕೆ ಚುಚ್ಚುತ್ತಾರೆ.

ಎರಡನೇ ವರ್ಷ
ತುಂಬಿಸಿ ಬರುವ ಸಿರಿಂಜಿನಲ್ಲಿ ಗಾಳಿಗುಳ್ಳೆ ಇರುತ್ತದೆಯಲ್ಲ, ಅದನ್ನು ತೆಗೆಯಬೇಕೇ? ಕಾಲೇಜಿನಲ್ಲಿ ಎಲ್ಲ ಇಂಜೆಕ್ಷನ್‌ಗೂ ಗಾಳಿ ತೆಗೆಯಿರಿ ಎಂದೇ ಕಲಿಸಿದ್ದಾರೆ.

ಸೂಜಿದಾರ
ತೆಗೆಯಬಾರದು. ಗುಳ್ಳೆ ಕೊನೆಯಲ್ಲಿ ಬಂದು ಸೂಜಿಯಲ್ಲಿ ಉಳಿದ ಔಷಧವನ್ನೂ ಒಳಕ್ಕೆ ತಳ್ಳುತ್ತದೆ. ಗಾಳಿ ತೆಗೆಯಲು ಹೋದರೆ ಔಷಧ ಚೆಲ್ಲಿ ಡೋಸ್ ಕಡಿಮೆಯಾಗುತ್ತದೆ.

ಐಸಿಯು_ಗೂಬೆ
ಪೂರ್ತಿ ಸಿರಿಂಜ್ ಕೊಡುವಾಗ ಮಾತ್ರ ಆ ಮಾತು. 60 ಮಿ.ಗ್ರಾಂ ಸಿರಿಂಜಿನಲ್ಲಿ 50 ಕೊಡಬೇಕಾದರೆ ಹೆಚ್ಚಿನದನ್ನು ಮೊದಲು ಹೊರಹಾಕಲೇಬೇಕು, ಆಗ ಗುಳ್ಳೆಯೂ ಹೋಗಬಹುದು. "ತೆಗೆಯಲೇಬಾರದು" ಎಂದು ಉರುಹೊಡೆದ ಹುಡುಗನೊಬ್ಬ ಹೆಚ್ಚಿನ ಡೋಸನ್ನೂ ತೆಗೆಯದೆ ಹಾಗೇ ಕೊಡಲು ಹೊರಟಿದ್ದನ್ನು ನೋಡಿದ್ದೇನೆ. ಪಕ್ಕದಲ್ಲಿದ್ದವರು ಕೈ ಹಿಡಿದರು.

ಮಾತ್ರೆಪೆಟ್ಟಿಗೆ
ಎನಾಕ್ಸಪಾರಿನ್ ಕೊಡುವ ಮೊದಲು ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿ. ಅದು ಹೊರಹೋಗುವುದು ಮೂತ್ರಪಿಂಡದ ಮೂಲಕ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ಅದನ್ನು ಸೋಸುವ ವೇಗ) 30ಕ್ಕಿಂತ ಕೆಳಗಿಳಿದರೆ ಡೋಸ್ ಕಡಿಮೆ ಮಾಡಬೇಕು. ತೆಳ್ಳಗಿನ ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಸಂಖ್ಯೆ ಸಾಧಾರಣವಾಗಿ ಕಂಡರೂ ಮೂತ್ರಪಿಂಡ ಸೋತಿರಬಹುದು. ತೂಕ ಎಷ್ಟು ಎಂದು ಕೇಳಿದರೆ "ಅಂದಾಜು ಅರವತ್ತು" ಎನ್ನುತ್ತಾರೆ. ತೂಗಿ ನೋಡಿ, ದಯವಿಟ್ಟು.

ಸೂಜಿದಾರ
ಎದ್ದು ನಿಲ್ಲಲಾಗದವರನ್ನು ಹೇಗೆ ತೂಗಲಿ? ಹಾಸಿಗೆಸಮೇತ ತೂಗುವ ಯಂತ್ರ ಕೊಡಿಸಿ, ಮಾಡುತ್ತೇನೆ.

ಬೆನ್ನುಮೂಳೆ
ಅರಿವಳಿಕೆ ವಿಭಾಗದವನು. ಎಪಿಡ್ಯೂರಲ್ ಕ್ಯಾಥೆಟರ್ (ನೋವು ತಡೆಯುವ ಔಷಧಕ್ಕಾಗಿ ಬೆನ್ನಿನಲ್ಲಿ ಇಡುವ ಸಣ್ಣ ನಳಿಕೆ) ಇರುವ ರೋಗಿಗೆ ಎನಾಕ್ಸಪಾರಿನ್ ಕೊಡುವ ಮೊದಲು ನಮಗೊಂದು ಕರೆ ಮಾಡಿ ಎಂದು ಬೇಡಿಕೊಳ್ಳುತ್ತೇನೆ. ಹೆಪ್ಪು ತಡೆಯುವ ಸಣ್ಣ ಡೋಸ್ ಆದ ಮೇಲೆ ಕ್ಯಾಥೆಟರ್ ಮುಟ್ಟಲು ಕನಿಷ್ಠ 12 ಗಂಟೆ, ಚಿಕಿತ್ಸೆಯ ದೊಡ್ಡ ಡೋಸ್ ಆದರೆ 24 ಗಂಟೆ ಬೇಕು. ಬೆನ್ನುಹುರಿಯ ಬಳಿ ರಕ್ತ ಕಟ್ಟಿಕೊಂಡರೆ ಕಾಲು ಶಾಶ್ವತವಾಗಿ ಹೋಗಬಹುದು. ಕಾಲು ಮರಗಟ್ಟಿದೆ, ಬಲವಿಲ್ಲ, ಬೆನ್ನು ನೋಯುತ್ತಿದೆ ಎಂದರೆ "ಎಪಿಡ್ಯೂರಲ್ ಇದೆಯಲ್ಲ, ಹಾಗೇ ಇರುತ್ತದೆ" ಎಂದು ಸಮಾಧಾನ ಹೇಳಿ ಹೋಗಬೇಡಿ.

ಹೊಸಗಾಳಿ
ಇಷ್ಟೆಲ್ಲ ಏಕೆ? ಈಗ ಹೆಪ್ಪು ತಡೆಯುವ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರೋಕ್ಸಬಾನ್, ಡಬಿಗಟ್ರಾನ್ ಇವೆ. ಐಎನ್‌ಆರ್ ಬೇಡ, ಸೊಪ್ಪಿನ ಚಿಂತೆ ಬೇಡ. ವಾರ್ಫರಿನ್ ಹಳೆಯ ಕಾಲದ ಇಲಿ ಪಾಷಾಣ. ಎಲ್ಲರನ್ನೂ ಹೊಸದಕ್ಕೆ ಬದಲಿಸಿದರೆ ಈ ಚರ್ಚೆಯೇ ಇರುವುದಿಲ್ಲ.

ಅಪ್ಪನ ಮಗಳು
ಇಲಿ ಪಾಷಾಣವೇ?! ಅಪ್ಪನಿಗೆ ಇದನ್ನು ಓದಿ ಹೇಳುವುದಿಲ್ಲ.

ಮಾತ್ರೆಪೆಟ್ಟಿಗೆ
ಗಾಬರಿಯಾಗಬೇಡಿ. ಕಥೆ ನಿಜ, ಸ್ವಾರಸ್ಯವೂ ಇದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಕೊಳೆತ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ಅವರ ತಂಡ ಅದರ ಹಿಂದೆ ಬಿದ್ದು ಡೈಕುಮರಾಲ್ ಬೇರ್ಪಡಿಸಿತು. ಅದರ ಸಂಬಂಧಿಯೇ ವಾರ್ಫರಿನ್. 1948ರಲ್ಲಿ ಇಲಿ ಕೊಲ್ಲಲು ಬಂತು, 1954ರಲ್ಲಿ ಮನುಷ್ಯರಿಗೆ ಒಪ್ಪಿಗೆ ಸಿಕ್ಕಿತು, 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಪಾಷಾಣವೋ ಮದ್ದೋ ಎನ್ನುವುದು ಪ್ರಮಾಣದ ಪ್ರಶ್ನೆ. ನಿಮ್ಮ ತಂದೆಯವರ ಕವಾಟ ಕೆಲಸ ಮಾಡುತ್ತಿರುವುದು ಇದರಿಂದಲೇ.

@ಹೊಸಗಾಳಿ, ಲೋಹದ ಕವಾಟಕ್ಕೆ ನೀವು ಹೇಳಿದ ಹೊಸ ಮಾತ್ರೆಗಳು ಸಲ್ಲುವುದಿಲ್ಲ. ಡಬಿಗಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಹೆಚ್ಚಿತು, ರಕ್ತಸ್ರಾವವೂ ಹೆಚ್ಚಿತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಮೈಟ್ರಲ್ ಕವಾಟ ಸಾಕಷ್ಟು ಕಿರಿದಾದವರಿಗೂ ಇಂದಿಗೂ ವಾರ್ಫರಿನ್ನೇ.

ಐಸಿಯು_ಗೂಬೆ
ಹೊಸ ಮಾತ್ರೆ ಬಂದರೆ ಶುಶ್ರೂಷೆ ಸುಲಭ ಎಂದುಕೊಂಡವರು ಮೂಗಿನ ನಳಿಕೆ ಇರುವ ರೋಗಿಯನ್ನು ನೋಡಿಲ್ಲ. ಡಬಿಗಟ್ರಾನ್ ಕ್ಯಾಪ್ಸುಲ್ ಬಿಡಿಸಿ ಪುಡಿ ಹಾಕಿದರೆ ರಕ್ತಕ್ಕೆ ಸೇರುವ ಪ್ರಮಾಣ ವಿಪರೀತ ಏರುತ್ತದೆ. ಬಿಡಿಸುವಂತೆಯೇ ಇಲ್ಲ. ಮೂಲ ಡಬ್ಬಿಯಿಂದ ತೆಗೆದು ವಾರದ ಮಾತ್ರೆ ಡಬ್ಬಿಗೆ ಹಾಕಿಡುವಂತೆಯೂ ಇಲ್ಲ, ತೇವ ತಾಗಿದರೆ ಕೆಡುತ್ತದೆ. ಅಪಿಕ್ಸಬಾನ್ ಪುಡಿ ಮಾಡಬಹುದು. ರಿವರೋಕ್ಸಬಾನ್ ಕೂಡ, ಆದರೆ ನಳಿಕೆಯ ತುದಿ ಜಠರದಲ್ಲೇ ಇರಬೇಕು, ಅದನ್ನು ದಾಟಿ ಕರುಳಿಗೆ ಹೋಗಿದ್ದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. 15 ಮತ್ತು 20 ಮಿ.ಗ್ರಾಂ ರಿವರೋಕ್ಸಬಾನ್ ಊಟದ ಜೊತೆಗೇ ಕೊಡಬೇಕು. ಊಟ ಬಿಟ್ಟ ರೋಗಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟು ಚಾರ್ಟಿಗೆ ಸಹಿ ಹಾಕಿದರೆ ಸಹಿಯಷ್ಟೇ ಸರಿಯಾದದ್ದು.

ಮನೆಮನೆ ದಾದಿ
ಮನೆಗಳಲ್ಲಿ ಇನ್ನೊಂದು ತೊಂದರೆ. ಪರೀಕ್ಷೆ ಇಲ್ಲ ಎಂದರೆ ಲೆಕ್ಕವೂ ಇಲ್ಲ ಎಂದುಕೊಳ್ಳುತ್ತಾರೆ. ವಾರ್ಫರಿನ್ ಒಂದು ದಿನ ತಪ್ಪಿದರೆ ಸ್ವಲ್ಪ ಆಸರೆ ಉಳಿದಿರುತ್ತದೆ. ಹೊಸ ಮಾತ್ರೆಗಳು ಒಂದು ದಿನದೊಳಗೇ ಬಹುಪಾಲು ಇಳಿದುಹೋಗುತ್ತವೆ. "ಚೆನ್ನಾಗಿದ್ದೇನೆ, ಎರಡು ದಿನ ಬಿಟ್ಟೆ" ಎನ್ನುವವರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಹೇಳಿ ಏನು ಪ್ರಯೋಜನ?

ಹೊಸಗಾಳಿ
ಸರಿ ಸರಿ, ಸುಲಭ ಎಂದು ಹೇಳಿದ್ದು ಹಿಂತೆಗೆದುಕೊಂಡೆ. ಆದರೂ ಮೆದುಳಿನ ರಕ್ತಸ್ರಾವ ಹೊಸದರಲ್ಲಿ ಕಡಿಮೆ. ಅದನ್ನು ಒಪ್ಪಿಕೊಳ್ಳಿ.

ಮಾತ್ರೆಪೆಟ್ಟಿಗೆ
ಒಪ್ಪಿದೆ. ಅದಕ್ಕೇ ಕವಾಟದ ತೊಂದರೆ ಇಲ್ಲದ ಬಹುತೇಕರಿಗೆ ಅವೇ ಮೊದಲ ಆಯ್ಕೆ.

ಎರಡನೇ ವರ್ಷ
ಪರೀಕ್ಷೆಯಲ್ಲಿ "ರಕ್ತಸ್ರಾವದ ಲಕ್ಷಣ ಬರೆಯಿರಿ" ಎಂದರೆ ನಾವು ಒಸಡು, ಮೂಗು, ಮೂತ್ರ, ಮಲ ಎಂದು ಪಟ್ಟಿ ಬರೆಯುತ್ತೇವೆ. ವಾರ್ಡಿನಲ್ಲಿ ನೀವು ನಿಜವಾಗಿ ಏನು ನೋಡುತ್ತೀರಿ?

ಹಳೇಬೇರು
ಒಳ್ಳೆಯ ಪ್ರಶ್ನೆ. ಒಸಡಿನ ರಕ್ತವನ್ನು ರೋಗಿಯೇ ತೋರಿಸುತ್ತಾರೆ. ತೋರಿಸಲಾಗದ ರಕ್ತವನ್ನು ಹುಡುಕುವುದು ನಿನ್ನ ಕೆಲಸ.

ನಾಡಿ ನಿನ್ನೆ 78 ಇದ್ದದ್ದು ಇಂದು 104, ಬಿ.ಪಿ. ಇನ್ನೂ ಸರಿಯಾಗಿಯೇ ಇದೆ. ಹೀಗಿದ್ದರೆ ಎಲ್ಲೋ ಸೋರುತ್ತಿದೆ ಎಂದು ಮೊದಲು ಅನುಮಾನಿಸು, ಜ್ವರ ಎಂದು ಆಮೇಲೆ. ಬೀಟಾ ಬ್ಲಾಕರ್ (ನಾಡಿ ನಿಧಾನಿಸುವ ಮಾತ್ರೆ) ತೆಗೆದುಕೊಳ್ಳುವವರಲ್ಲಿ ನಾಡಿ ಏರದೆಯೂ ಇರಬಹುದು, ಅಲ್ಲಿ ಮೈ ತಣ್ಣಗಾಗುವುದು, ಚಡಪಡಿಕೆ, ಮೂತ್ರ ಕಡಿಮೆಯಾಗುವುದು ಹೇಳುತ್ತವೆ. ಸೊಂಟ ಅಥವಾ ತೊಡೆಸಂದು ನೋವು ಎಂದು ಕಾಲು ಮಡಚಿಕೊಂಡು ಮಲಗಿದ್ದರೆ ಹೊಟ್ಟೆಯ ಹಿಂಭಾಗದಲ್ಲಿ ರಕ್ತ ಕೂಡುತ್ತಿರಬಹುದು. ಅದು ಹೊರಗೆ ಕಾಣುವುದೇ ಇಲ್ಲ. ಕಪ್ಪು ಮಲ ಎಂದರೆ ಕಬ್ಬಿಣದ ಮಾತ್ರೆ ಇದೆಯೇ ಎಂದು ಕೇಳು, ಆದರೆ ಇದೆ ಎಂದ ಮಾತ್ರಕ್ಕೆ ಬಿಟ್ಟುಬಿಡಬೇಡ. ಅಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ತಿಳಿಸು. ನಿನ್ನೆ ಮಾತನಾಡುತ್ತಿದ್ದವರು ಇಂದು ಮಂಕಾಗಿದ್ದರೆ "ರಾತ್ರಿ ನಿದ್ದೆ ಬಂದಿಲ್ಲವೇನೋ" ಎಂದು ನೀನೇ ಉತ್ತರ ಕೊಟ್ಟುಕೊಳ್ಳಬೇಡ.

ಇನ್ನು ಚುಚ್ಚುವುದು. ಸ್ನಾಯುವಿಗೆ ಇಂಜೆಕ್ಷನ್ ಬೇಡ, ಬೇರೆ ದಾರಿ ಇದೆಯೇ ಎಂದು ಕೇಳು. ರಕ್ತ ತೆಗೆದ ಜಾಗವನ್ನು ಐದು ನಿಮಿಷವಾದರೂ ಒತ್ತಿ ಹಿಡಿ, ಟೇಪ್ ಅಂಟಿಸಿ ಓಡಬೇಡ.

ಮನೆಮನೆ ದಾದಿ
ಇದಕ್ಕೆ ಬೀಳುವುದನ್ನು ಸೇರಿಸಿ. ಸ್ನಾನದಮನೆಯಲ್ಲಿ ಜಾರಿ ತಲೆ ತಾಗಿಸಿಕೊಂಡು "ಏನೂ ಆಗಿಲ್ಲ, ಸಣ್ಣ ಬುಗುಟೆ" ಎಂದು ಮಲಗುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಇದನ್ನು ಮನೆಯ ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಬಿದ್ದವರು ತಾವಾಗಿ ಹೇಳುವುದಿಲ್ಲ. ಮಂಡಿನೋವಿಗೆ ತಾವೇ ತಂದುಕೊಂಡ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬಗ್ಗೆಯೂ ಕೇಳಿ. "ಬೇರೆ ಮಾತ್ರೆ ಇದೆಯೇ?" ಎಂದರೆ ಇಲ್ಲ ಎನ್ನುತ್ತಾರೆ. "ನೋವಾದಾಗ ಏನು ಮಾಡುತ್ತೀರಿ?" ಎಂದರೆ ದಿಂಬಿನಡಿಯಿಂದ ಪಟ್ಟಿ ತೆಗೆದು ತೋರಿಸುತ್ತಾರೆ.

ಅಪ್ಪನ ಮಗಳು
ನೋವಿಗೆ ಪ್ಯಾರಸಿಟಮಾಲ್ ಕೊಡಬಹುದಲ್ಲವೇ?

ಮಾತ್ರೆಪೆಟ್ಟಿಗೆ
ಅದೇ ಮೇಲು. ಆದರೆ ದಿನವೂ ಪೂರ್ಣ ಡೋಸ್ ಹಲವು ದಿನ ಮುಂದುವರಿದರೆ ವಾರ್ಫರಿನ್ ಇರುವವರಲ್ಲಿ ಐಎನ್‌ಆರ್ ಏರಬಹುದು. ಕ್ಲಿನಿಕ್‌ನಲ್ಲಿ ಹೇಳಿ.

ಐಸಿಯು_ಗೂಬೆ
ಹೆಪಾರಿನ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ! ನಮ್ಮಲ್ಲಿ ಜನ ಬೆವರುವುದು ಅದಕ್ಕೆ. ನೋಡಲು ಒಂದೇ ತೆರನಾದ ವಯಲ್‌ಗಳು, ಒಂದರಲ್ಲಿ ಮಿಲಿಗೆ 1000 ಯೂನಿಟ್, ಇನ್ನೊಂದರಲ್ಲಿ 5000. ಲೆಕ್ಕವನ್ನು ಇಬ್ಬರು ಬೇರೆ ಬೇರೆ ಮಾಡಿ ಆಮೇಲೆ ಹೋಲಿಸಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು "ಹೂಂ" ಎಂದು ಸಹಿ ಹಾಕಿದರೆ ಅದು ತಪಾಸಣೆಯಲ್ಲ. ಯೂನಿಟ್ ಎಂದು ಪೂರ್ತಿ ಬರೆಯಿರಿ. ಸಂಖ್ಯೆಯ ಪಕ್ಕ ಇಂಗ್ಲಿಷಿನ ಯು ಅಕ್ಷರ ಗೀಚಿದರೆ ಅದನ್ನು ಸೊನ್ನೆ ಎಂದು ಓದಿ ಹತ್ತು ಪಟ್ಟು ಕೊಟ್ಟ ಘಟನೆಗಳು ಆಗಿವೆ.

ಡ್ರಿಪ್ ಶುರುವಾಗಿ ಅಥವಾ ವೇಗ ಬದಲಾಗಿ ಆರು ಗಂಟೆಯಾದ ಮೇಲೆ ಎಪಿಟಿಟಿ (ಹೆಪಾರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಪರೀಕ್ಷೆ) ಕಳುಹಿಸಿ. ಹೆಪಾರಿನ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬೇಡಿ. ವರದಿ ಬಂದ ಕೂಡಲೇ ವೇಗ ಸರಿಪಡಿಸಿ. ಆರು ಗಂಟೆಗೆ ಕಳುಹಿಸಿದ ವರದಿಯನ್ನು ಹನ್ನೆರಡಕ್ಕೆ ನೋಡುವುದು ಯಾವ ಸಂಪತ್ತಿಗೆ?

ಪ್ಲೇಟ್‌ಲೆಟ್ ಮರೆಯಬೇಡಿ. ಹೆಪಾರಿನ್ ಶುರುವಾದ 5ರಿಂದ 10 ದಿನಗಳ ನಡುವೆ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದರೆ ಎಚ್ಚರ. ರಕ್ತ ಸುರಿಯುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ, ಆಗುವುದು ತದ್ವಿರುದ್ಧ, ಹೆಪ್ಪುಗಟ್ಟುತ್ತದೆ. ಆಗ ಹೆಪಾರಿನ್ ಪೂರ್ತಿ ನಿಲ್ಲಬೇಕು, ಲೈನ್ ತೊಳೆಯುವ ಹನಿಯೂ ಸೇರಿ. ಡ್ರಿಪ್ ನಿಲ್ಲಿಸಿ ಫ್ಲಶ್ ಮುಂದುವರಿಸಿದ್ದನ್ನು ಕಂಡಿದ್ದೇನೆ.

ನೇರಮಾತು
ಇಬ್ಬರು ಬೇರೆ ಬೇರೆ ಲೆಕ್ಕ ಮಾಡಬೇಕು ಎನ್ನುತ್ತೀರಿ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಇದ್ದರೆ ಎರಡನೆಯವರನ್ನು ಎಲ್ಲಿಂದ ತರಲಿ?

ಐಸಿಯು_ಗೂಬೆ
ಪಕ್ಕದ ವಾರ್ಡಿನಿಂದ. ಬರುವುದಿಲ್ಲ ಎಂದರೆ ಅದನ್ನೂ ಬರೆದಿಡಿ. ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಸಂಜೆಪಾಳಿ
ಮರುದಿನದ ಸುದ್ದಿ. ನೇರ ರಕ್ತನಾಳದಿಂದ, ಗೆರೆಯವರೆಗೆ ತುಂಬಿಸಿ ಕಳುಹಿಸಿದೆ. 4.9 ಬಂತು. ಹಾಗಾಗಿ ಟ್ಯೂಬಿನ ತಪ್ಪಲ್ಲ. ಮೆಟ್ರೋನಿಡಜೋಲ್ ವಿಷಯ ಡಾಕ್ಟರಿಗೆ ಹೇಳಿದೆ, ಅದು ಬೇಕೇಬೇಕೇ ಎಂದು ನೋಡಿ ನಿಲ್ಲಿಸಿದರು. ಇಂದಿನ ಡೋಸೂ ಇಲ್ಲ. ವಿಟಮಿನ್ ಕೆ ಕೊಡಲಿಲ್ಲ. ನಮ್ಮ ಹಿರಿಯ ಸಿಸ್ಟರ್ ಈಗ "ಅಷ್ಟು ಅಪಾಯವಿದ್ದರೆ ವಿಟಮಿನ್ ಕೆ ಏಕಿಲ್ಲ?" ಎಂದು ಕೇಳುತ್ತಿದ್ದಾರೆ!

ಮಾತ್ರೆಪೆಟ್ಟಿಗೆ
ನಿನ್ನೆ ಮಾತ್ರೆ ಕೊಡು ಎಂದವರು ಇಂದು ವಿರುದ್ಧ ಔಷಧ ಕೊಡು ಎನ್ನುತ್ತಿದ್ದಾರೆ, ಪ್ರಗತಿಯೇ. 4.5ರಿಂದ 10ರ ನಡುವೆ, ರಕ್ತಸ್ರಾವ ಇಲ್ಲದಿದ್ದರೆ ವಿಟಮಿನ್ ಕೆ ರೂಢಿಯಾಗಿ ಕೊಡಬೇಕಿಲ್ಲ ಎನ್ನುವುದು ಅಮೆರಿಕದ ಎದೆರೋಗ ತಜ್ಞರ ಸಂಘದ 2012ರ ಮಾರ್ಗಸೂಚಿ. 10 ದಾಟಿದರೆ ಬಾಯಿಯ ಮೂಲಕ. ತೀವ್ರ ರಕ್ತಸ್ರಾವವಾದರೆ ರಕ್ತನಾಳದ ಮೂಲಕ ನಿಧಾನವಾಗಿ, ಜೊತೆಗೆ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರವನ್ನೋ ಪ್ಲಾಸ್ಮಾವನ್ನೋ ಕೊಡುತ್ತಾರೆ. ವಿಟಮಿನ್ ಕೆ ಒಂದೇ ಕೂಡಲೇ ಕೆಲಸ ಮಾಡುವುದಿಲ್ಲ, ಯಕೃತ್ತು ಹೊಸ ಅಂಶಗಳನ್ನು ತಯಾರಿಸಬೇಕಲ್ಲ. ಬೇಡದೆಡೆ ಹೆಚ್ಚು ಕೊಟ್ಟರೆ ಆಮೇಲೆ ಹಲವು ದಿನ ವಾರ್ಫರಿನ್ ಹಿಡಿತಕ್ಕೆ ಬರುವುದಿಲ್ಲ.

ಎರಡನೇ ವರ್ಷ
ಹೆಪಾರಿನ್‌ಗೆ ಪ್ರೊಟಮೈನ್, ವಾರ್ಫರಿನ್‌ಗೆ ವಿಟಮಿನ್ ಕೆ, ಡಬಿಗಟ್ರಾನ್‌ಗೆ ಇಡರುಸಿಜುಮ್ಯಾಬ್, ಇವು ವಿರುದ್ಧ ಔಷಧಗಳು. ಸರಿಯೇ?

ಐಸಿಯು_ಗೂಬೆ
ಸರಿ. ಎನಾಕ್ಸಪಾರಿನ್ ಅನ್ನು ಪ್ರೊಟಮೈನ್ ಭಾಗಶಃ ಮಾತ್ರ ತಡೆಯುತ್ತದೆ ಎಂದೂ ಬರೆ, ಒಂದು ಅಂಕ ಹೆಚ್ಚು ಸಿಗುತ್ತದೆ.

ಸಂಜೆಪಾಳಿ
ಕೊನೆಯ ಸುದ್ದಿ. ಐಎನ್‌ಆರ್ 2.9ಕ್ಕೆ ಇಳಿದಿದೆ. ವಾರ್ಫರಿನ್ ಮತ್ತೆ ಶುರು, ಸದ್ಯಕ್ಕೆ 3 ಮಿ.ಗ್ರಾಂ. ಅವರು ಮನೆಗೆ ಹೋಗುತ್ತಿದ್ದಾರೆ. @ನೇರಮಾತು, ಮತ್ತೆ ಶುರು ಎಂದು ಚಾರ್ಟಿನಲ್ಲೂ ಬಿಡುಗಡೆ ಪತ್ರದಲ್ಲೂ ಬರೆಸಿದ್ದೇನೆ.

ಮಾತ್ರೆಪೆಟ್ಟಿಗೆ
ಒಂದು ಎಚ್ಚರಿಕೆ. ಮೆಟ್ರೋನಿಡಜೋಲ್ ಪ್ರಭಾವ ಇಳಿದು, ಮನೆಯ ಊಟ ಶುರುವಾದ ಮೇಲೆ ಈ 3 ಮಿ.ಗ್ರಾಂ ಸಾಲದೆ ಹೋಗಬಹುದು. ವಾರದೊಳಗೆ ಐಎನ್‌ಆರ್ ನೋಡದಿದ್ದರೆ ಈಗ ತಪ್ಪಿಸಿದ ಅಪಾಯ ಎದುರು ದಿಕ್ಕಿನಿಂದ ಬರುತ್ತದೆ.

ನೇರಮಾತು
ಅವರ ಮನೆಯಲ್ಲಿ ಹಳೆಯ 5 ಮಿ.ಗ್ರಾಂ ಪಟ್ಟಿ ಉಳಿದಿರುತ್ತದೆ. ಅದರ ಬಗ್ಗೆ ಏನು ಹೇಳಿದಿರಿ?

ಸಂಜೆಪಾಳಿ
ಅದು ಹೊಳೆದಿರಲಿಲ್ಲ. ಇನ್ನೂ ವಾರ್ಡಿನಲ್ಲೇ ಇದ್ದಾರೆ, ಮಗನನ್ನು ಕರೆದು ಹೇಳಿ ಬರುತ್ತೇನೆ.

ಅಪ್ಪನ ಮಗಳು
ಅಪ್ಪನಿಗೆ ಮುಂದಿನ ತಿಂಗಳು ಹಲ್ಲು ಕೀಳಿಸಬೇಕು. ಅದಕ್ಕೆ ಮಾತ್ರೆ ನಿಲ್ಲಿಸಬೇಕೇ ಎಂದು ಇಲ್ಲಿಯೇ ಕೇಳಲೇ, ಬೇರೆ ಕಡೆ ಕೇಳಲೇ?

ಹಳೇಬೇರು
ಇಲ್ಲಿಯೇ ಕೇಳಿ ತಾಯಿ. ನೀವಾಗಿ ಮಾತ್ರ ನಿಲ್ಲಿಸಬೇಡಿ. ಐಎನ್‌ಆರ್ ಗುರಿಯೊಳಗಿದ್ದರೆ ಒಂದೆರಡು ಹಲ್ಲನ್ನು ವಾರ್ಫರಿನ್ ನಿಲ್ಲಿಸದೆಯೇ ಕೀಳುತ್ತಾರೆ, ಕಿತ್ತ ಜಾಗಕ್ಕೆ ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಮಿಕ್ ಆಮ್ಲದಿಂದ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ದಂತವೈದ್ಯರಿಗೆ ಕವಾಟದ ವಿಷಯ ಮೊದಲೇ ಹೇಳಿ, ಸೋಂಕು ತಡೆಯಲು ಆಂಟಿಬಯಾಟಿಕ್ ಕೂಡ ಬೇಕಾಗುತ್ತದೆ. ಹಿಂದಿನ ಐಎನ್‌ಆರ್ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ.